ಮೂರನೇ ಷರತ್ತು

ಕುದ್ರೋಳಿಯಲ್ಲಿ ನನ್ನ ಒಣಮೀನಿನ ಅಂಗಡಿಗೆ ಮೂವತ್ತೆಂಟು ವರ್ಷ. ಒಂದು ಬಂಗುಡೆಗೆ ಹುಳ ಬಿದ್ದರೆ ಅದೊಂದನ್ನು ಹೆಕ್ಕಿ ಎಸೆದು ಉಳಿದದ್ದನ್ನು ಮಾರುವವನು ನಾನಲ್ಲ, ಇಡೀ ಬುಟ್ಟಿಯನ್ನೇ ಹೊರಗೆ ಹಾಕುತ್ತೇನೆ. ಹಾಗಿರುವಾಗ ಡಾಕ್ಟರ್ ಪೃಥ್ವಿರಾಜ್ ನನ್ನ ಪ್ರಾಸ್ಟೇಟ್ ಗ್ರಂಥಿಯ ಚಿತ್ರ ತೋರಿಸಿ, "ಎಡಗಡೆ ಇಷ್ಟೇ ಜಾಗದಲ್ಲಿ ಕ್ಯಾನ್ಸರ್ ಉಂಟು. ಅಷ್ಟನ್ನು ಮಾತ್ರ ಸುಟ್ಟು ಉಳಿದದ್ದನ್ನು ಬಿಡಬಹುದು" ಎಂದಾಗ ನನಗೆ ಒಪ್ಪಿಗೆಯಾಗಲಿಲ್ಲ. ಬಿಡುವುದೆಂದರೆ ಎಂಥದ್ದು?

"ಇಡೀ ತೆಗೆದುಬಿಡಿ ಡಾಕ್ಟ್ರೇ."

"ತೆಗೀಬಹುದು ಬ್ಯಾರಿಗಳೇ, ಅದೂ ಸರಿಯಾದ ದಾರಿಯೇ. ಆದ್ರೆ ಆಮೇಲೆ ಮೂತ್ರ ಹಿಡ್ಕೊಳ್ಳಲಿಕ್ಕೆ ಕೆಲವರಿಗೆ ಕಷ್ಟ ಆಗ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳು, ಒಬ್ಬಿಬ್ಬರಿಗೆ ಕೊನೆವರೆಗೂ."

ಕ್ಯಾನ್ಸರ್ ಎಂಬ ಮಾತಿಗಿಂತ ಈ ಮಾತಿಗೆ ನಾನು ಹೆಚ್ಚು ಹೆದರಿದೆ. ಐದು ಹೊತ್ತು ಮಸೀದಿಯ ಮೊದಲ ಸಾಲಿನಲ್ಲಿ, ಗೆಳೆಯ ಉಮರಬ್ಬನ ಭುಜಕ್ಕೆ ಭುಜ ತಾಗಿಸಿ ನಿಲ್ಲುವವನು ನಾನು. ಕೈಕಾಲು, ಮುಖ ತೊಳೆದು ವುಝೂ ಮಾಡಿ ನಿಂತ ಮೇಲೆ ಒಂದು ಹನಿ ಜಾರಿದರೂ ಆ ಶುದ್ಧಿ ಮುರಿಯಿತು. ಕಾಯಿಲೆಯವರಿಗೆ ರಿಯಾಯಿತಿ ಉಂಟೆಂದು ಉಸ್ತಾದರು ಹೇಳಿಯಾರು. ನನ್ನ ಮನಸ್ಸಿಗೆ ಯಾರು ರಿಯಾಯಿತಿ ಕೊಡುವುದು?

"ಹಾಗಾದ್ರೆ ಸುಡುವುದೇ ಆಗಲಿ" ಎಂದೆ.

"ಅದು ಕೇಳಿದವರಿಗೆಲ್ಲ ಮಾಡುವುದಲ್ಲ ಮಾರಾಯ್ರೆ. ಯಾರಿಗೆ ಮಾಡಬಹುದು ಅಂತ ತಜ್ಞರೆಲ್ಲ ಸೇರಿ ಒಂದು ಒಪ್ಪಿಗೆಗೆ ಬಂದಿದ್ದಾರೆ." ಡಾಕ್ಟರು ಬೆರಳು ಮಡಚಿದರು. "ಗಡ್ಡೆ ಸ್ಕ್ಯಾನಿನಲ್ಲಿ ಸ್ಪಷ್ಟ ಕಾಣಬೇಕು. ಸೂಜಿ ಹಾಕಿ ತೆಗೆದ ಚೂರಿನಲ್ಲೂ ಅದೇ ಜಾಗದಲ್ಲಿ ಸಿಗಬೇಕು, ತೀರಾ ಜೋರಿನದ್ದು ಆಗಿರಬಾರದು. ಇವೆರಡೂ ನಿಮಗೆ ಸರಿ ಉಂಟು. ಮೂರನೇದು, ಉಳಿದ ಭಾಗದಲ್ಲಿ ಹೊಸದು ಹುಟ್ಟಬಹುದು. ಅದಕ್ಕೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ವರ್ಷ ಆಗುವಾಗ ಸ್ಕ್ಯಾನು, ಪುನಃ ಸೂಜಿ. ತಪ್ಪದೆ ಬರುವವರಿಗೆ ಮಾತ್ರ ನಾನು ಇದನ್ನು ಮಾಡುವುದು. ಬರ್ತೀರಾ?"

"ಬರ್ತೇನೆ." ಉತ್ತರ ಸ್ವಲ್ಪ ಬೇಗವೇ ಬಂತು.

"ಇದಕ್ಕೆ ಮುಂಚೆ ಯಾವತ್ತಾದ್ರೂ ಈ ರಕ್ತ ಪರೀಕ್ಷೆ ಮಾಡಿಸಿದ್ದು ಉಂಟಾ?"

"ಇಲ್ಲ."

ಸುಳ್ಳು. ಎರಡು ವರ್ಷದ ಹಿಂದೆ ಜಮಾತಿನ ಉಚಿತ ಶಿಬಿರದಲ್ಲಿ ರಕ್ತ ಕೊಟ್ಟಿದ್ದೆ. ಪ್ರಾಸ್ಟೇಟಿನ ಅಂಕಿ ಹೆಚ್ಚಿದೆ, ಕೂಡಲೇ ತಜ್ಞರನ್ನು ಕಾಣಿ ಎಂದು ಕಾಗದ ಕೊಟ್ಟಿದ್ದರು. ನಾಲ್ಕು ಮಡಿಕೆ ಮಾಡಿ ಷರ್ಟಿನ ಕಿಸೆಗೆ ಹಾಕಿದವನು ಮರುದಿನ ಹುಡುಕಿದರೆ ಅದು ಇರಲಿಲ್ಲ. ಪೀಡೆ ತೊಲಗಿತು ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ಹಾಗೇ ಅಂದುಕೊಂಡದ್ದು.

ಪಕ್ಕದಲ್ಲಿ ಜಿಪ್ ಎಳೆದ ಸದ್ದಾಯಿತು. ಜೊತೆಗೆ ಬಂದಿದ್ದ ನನ್ನ ಹೆಂಡತಿ ಹವ್ವಮ್ಮ ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮಡಿಕೆ ಬಿದ್ದಲ್ಲೆಲ್ಲ ಹರಿಯುವಂತಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದೆ. ಇವಳಿಗೆ ಎಂತ ಮರ್ಲಾ, ತಲೆ ಕೆಟ್ಟಿದೆಯಾ ಎಂದು ಸಿಟ್ಟು ನೆತ್ತಿಗೇರಿತು. ಕೈಗೆ ಬಂದ ಚಿಕಿತ್ಸೆಯನ್ನು ಇವಳೇ ತಪ್ಪಿಸಿದಳಲ್ಲ!

ಡಾಕ್ಟರು ತಾರೀಕು ನೋಡಿದರು. "ಎರಡು ವರ್ಷ ಆಯ್ತು. ಎಂತಕ್ಕೆ ಬರ್ಲಿಲ್ಲ?"

ನಾಲಿಗೆಯಲ್ಲಿ ಇನ್ನೊಂದು ಸುಳ್ಳು ತಯಾರಿತ್ತು. ಹೊರಗೆ ಬರಲಿಲ್ಲ. "ಹೆದರಿಕೆ ಡಾಕ್ಟ್ರೇ. ಈಗಲೂ ಉಂಟು."

"ಹಾಗಾದ್ರೆ ಮೂರನೇದಕ್ಕೆ ನಿಮ್ಮನ್ನು ನಂಬುವುದು ಹೇಗೆ?"

"ಇವರನ್ನು ನಂಬಬೇಡಿ" ಎಂದಳು ಹವ್ವಮ್ಮ. "ತಾರೀಕು ಬರೆದು ನನ್ನ ಕೈಗೆ ಕೊಡಿ. ನಾನು ಕರ್ಕೊಂಡು ಬರ್ತೇನೆ."

"ನೀವೂ ಎರಡು ವರ್ಷ ಇದನ್ನು ಇಟ್ಕೊಂಡು ಸುಮ್ಮನಿದ್ರಲ್ಲ ಅಮ್ಮ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಒಗೀಲಿಕ್ಕೆ ಹಾಕುವಾಗ ಕಿಸೆಯಲ್ಲಿ ಸಿಕ್ಕಿತು. ಸೊಸೆ ಜುವೈರಿಯಾ ಓದಿ ಹೇಳಿದಳು. ಇವರೇ ಹೇಳಲಿ ಅಂತ ಕಾದೆ. ಆಮೇಲೆ ಕೇಳಲಿಕ್ಕೆ ನನಗೇ ಹೆದರಿಕೆ ಆಯ್ತು. ರಾತ್ರಿ ಎಷ್ಟು ಸಲ ಏಳ್ತಾರೆ ಅಂತ ಲೆಕ್ಕ ಮಾತ್ರ ಇಡ್ತಿದ್ದೆ. ಮೊದಲು ಎರಡು ಸಲ. ಈಗ ಐದು."

ನನ್ನ ಸಿಟ್ಟು ಇಳಿದುಹೋಯಿತು. ಅವಳಿಗೆ ಎಚ್ಚರವಾಗಬಾರದೆಂದು ಎರಡು ವರ್ಷ ನಾನು ದೀಪ ಹಾಕದೆ, ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗಿ ಬಂದಿದ್ದೆ.

ಡಾಕ್ಟರು ಕಾಗದವನ್ನು ಇನ್ನೊಮ್ಮೆ ಓದಿ ನನ್ನ ಫೈಲಿನೊಳಗೆ ಸೇರಿಸಿದರು. ಆಮೇಲೆ ಅವರು ಒಂದು ಕಾರ್ಡು ತೆಗೆದು ಒಂದರ ಕೆಳಗೊಂದು ತಾರೀಕು ಬರೆದರು. "ಒಂದು ತಪ್ಪಿದ್ರೂ ಇಡೀ ತೆಗೆಯುವ ಮಾತೇ" ಎಂದು ನನ್ನನ್ನು ದಿಟ್ಟಿಸಿ, ಕಾರ್ಡನ್ನು ಹವ್ವಮ್ಮನ ಕಡೆ ಸರಿಸಿದರು.

ಆಸ್ಪತ್ರೆಯ ಮೆಟ್ಟಿಲು ಇಳಿದೆವು. ಉಳಿಯುವ ಭಾಗದಲ್ಲಿ ಏನು ಹುಟ್ಟುತ್ತದೋ ಎಂಬ ಹೆದರಿಕೆ ಹಾಗೇ ಇತ್ತು, ಈಗಲೂ ಇದೆ. ಹವ್ವಮ್ಮ ನನ್ನ ತೋಳು ಹಿಡಿದುಕೊಂಡಳು.

"ಇವತ್ತಿನಿಂದ ದೀಪ ಹಾಕಿ ಹೋಗಿ" ಎಂದಳು. "ನಾನು ಹೇಗೂ ಎಚ್ಚರ ಇರ್ತೇನೆ."