ತಳ್ಳಿಟ್ಟ ಸಾಲ

ಸಾಲ ಇಲ್ಲದವರು ಬ್ಯಾಂಕಿನ ಮೆಟ್ಟಿಲು ಹತ್ತುವ ಠೀವಿಯೇ ಬೇರೆ. ಅವತ್ತು ಶ್ಯಾಮಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ತಮಿಳುನಾಡಿನ ಗಡಿಯ ತನ್ನೂರು ಬೇರಿಕೆಯಿಂದ ಹೊಸೂರಿನ ಬ್ಯಾಂಕಿಗೆ ಬಂದಿದ್ದ. ಜೊತೆಗೆ ಮಗಳು ಸರಳಾ. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಹುಡುಗಿ, ಅವರ ಬೀದಿಯಲ್ಲಿ ಅಷ್ಟು ಓದಿದವರು ಇನ್ನೊಬ್ಬರಿಲ್ಲ. ಬೆಂಗಳೂರಿನ ಖಾಸಗಿ ಕಾಲೇಜಿನ ಫೀಸು, ಹಾಸ್ಟೆಲು ಅಂತ ನಾಲ್ಕು ಲಕ್ಷ ಸಾಲ ತೆಗೆದಿದ್ದರು. ಅದು ಮನ್ನಾ ಆಗಿ ಎರಡು ವರ್ಷವಾಯಿತಲ್ಲ! ಬಾಕಿ ಏನೂ ಇಲ್ಲ ಅನ್ನುವ ಒಂದು ಕಾಗದ ಇಸಕೊಂಡು ಹೋಗಲು ಬಂದಿದ್ದರು, ಅಷ್ಟೆ.

ಆ ಧೈರ್ಯದ ಮೇಲೇ ಸರಳಾ ಹಿಂದಿನ ದಿನ ಒಂದು ಕೆಲಸ ಬೇಡ ಅಂದಿದ್ದಳು. ಹೊಸೂರಿನ ಮೂಕಂಡಪಲ್ಲಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೂತು ಹಾಜರಿ ನೋಡುವುದು. ತಿಂಗಳಿಗೆ ಇಪ್ಪತ್ತಾರು ಸಾವಿರ. ಅದರ ಬದಲು ಕೃಷ್ಣಗಿರಿಯ ಮಹಿಳಾ ಸಂಸ್ಥೆಯೊಂದರ ಕೆಲಸ ಒಪ್ಪಿಕೊಂಡಿದ್ದಳು. ಊರೂರು ಸುತ್ತಿ, ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳ ಪಾಡು ಕೇಳಿ ಬರೆಯುವುದು, ಹದಿನಾಲ್ಕೂವರೆ ಸಾವಿರ. ನಾನು ಓದಿದ್ದೇ ಇದಕ್ಕೆ ಅಂದಳು. ತಲೆಯ ಮೇಲೆ ಸಾಲವಿಲ್ಲದವಳು ಯಾಕೆ ಹೆದರಬೇಕು ಹೇಳಿ?

ಆಫೀಸರಮ್ಮ ತಮಿಳಿನವರು, ಹೊಸೂರಿಗೆ ಬಂದು ಕನ್ನಡ ಕಲಿತವರು. ಕಂಪ್ಯೂಟರ್ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಬಾಕಿ ಇಲ್ಲ ಅಂತ ಹೆಂಗಮ್ಮಾ ಬರೆದುಕೊಡೋದು? ಬಡ್ಡಿ ಸೇರಿ ಐದು ಲಕ್ಷದ ಐದು ಸಾವಿರ ಇದೆ. ಮುಂದಿನ ತಿಂಗಳಿಂದ ಕಂತು ಶುರು. ಎಂಟೂವರೆ ಸಾವಿರ, ಏಳು ವರ್ಷ.”

ಸರಳಾ ತಲೆ ಅಲ್ಲಾಡಿಸಿದಳು. “ಬೇರೆ ಯಾರದ್ದೋ ನೋಡ್ತಿದ್ದೀರ ಮೇಡಂ.”

ಆಫೀಸರಮ್ಮ ಪರದೆಯನ್ನೇ ಅವಳತ್ತ ತಿರುಗಿಸಿದರು. ಅವಳದೇ ಹೆಸರು, ಅವಳದೇ ಫೋಟೋ. ಅಯ್ಯೋ ದೇವರೇ! ನಾಲ್ಕು ಲಕ್ಷ ಅಲ್ಲಿ ಸದ್ದಿಲ್ಲದೆ ಮರಿ ಹಾಕುತ್ತಾ ಕೂತಿತ್ತು.

“ಇದೇ ಬ್ಯಾಂಕಲ್ಲಿ ಹೇಳಿದ್ರಲ್ಲ ಮೇಡಂ!” ಶ್ಯಾಮಣ್ಣ ಮೇಜಿನತ್ತ ಬಾಗಿದ. “ನಿಮಗಿಂತ ಮುಂಚೆ ಇದ್ದ ಸಾರು, ತಮಿಳಲ್ಲಿ ‘ಕಡನ್ ತಳ್ಳಿ ವೆಚ್ಚಿರುಕ್ಕು’ ಅಂದ್ರು. ಎಲೆಕ್ಷನ್ ಟೈಮು ಬೇರೆ, ಊರೆಲ್ಲಾ ತಳ್ಳುಪಡಿ ತಳ್ಳುಪಡಿ ಅಂತಿತ್ತು…”

ಆಫೀಸರಮ್ಮ ಹಣೆ ಹಿಡಿದುಕೊಂಡರು. “ತಳ್ಳುಪಡಿ ಅಂದ್ರೆ ಮನ್ನಾ ಅಯ್ಯಾ. ಕಡನ್ ತಳ್ಳಿ ವೆಚ್ಚಿರುಕ್ಕು ಅಂದ್ರೆ ಸಾಲ ಮುಂದಕ್ಕೆ ಹಾಕಿದೆ ಅಂತ. ಓದು ಮುಗಿದು ಒಂದು ವರ್ಷದವರೆಗೂ ಕಂತು ಕಟ್ಟೋದು ಬೇಡ ಅಂದಿದ್ದಾರೆ, ಅಷ್ಟೇ.”

ಶ್ಯಾಮಣ್ಣ ಮಗಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. “ನಂದೇ ತಪ್ಪು ಮೇಡಂ. ನಂಗೆ ತಮಿಳು ಅಷ್ಟಕ್ಕಷ್ಟೆ.”

ಸರಳಾ ಹೊರಗೆ ಓಡಿಬಂದು ಕಾರ್ಖಾನೆಗೆ ಫೋನ್ ಮಾಡಿದಳು. ಅಲ್ಲಿ ಅವಳಿಗೆ ಕೆಲಸ ಕೊಡಲಿದ್ದ ಭೈರೇಶ್ ಪಾಪ, ಒಳ್ಳೆಯ ಮನುಷ್ಯ. “ನಿನ್ನೆ ನೀವೇ ಬೇಡ ಅಂದ್ರಲ್ಲ ಮೇಡಂ? ನಮ್ಮ ಮೆಷಿನ್ ಲೈನಲ್ಲೇ ಕೆಲಸಕ್ಕಿದ್ದ ಹುಡುಗನಿಗೆ ಇವತ್ತು ಬೆಳಗ್ಗೆ ಕೊಟ್ಬುಟ್ವಿ. ದೇವರಾಜು ಅಂತ, ನಿಮ್ಮ ಬೇರಿಕೆಯವನೇ.”

ದೇವರಾಜು! ಹತ್ತನೇ ಕ್ಲಾಸಿನಲ್ಲಿ ಅವಳ ನೋಟ್ಸ್ ನೋಡಿ ಬರೆದು ಪಾಸಾದವನು. ಐಟಿಐ ಮುಗಿಸಿ, ಇವಳು ಪುಸ್ತಕ ಹಿಡಿದಿದ್ದ ಅಷ್ಟೂ ವರ್ಷ ಸಂಬಳ ಎಣಿಸಿದವನು. ಸರಳಾ ಲೆಕ್ಕ ಹಾಕಿದಳು. ಹದಿನಾಲ್ಕೂವರೆಯಲ್ಲಿ ಎಂಟೂವರೆ ಹೋದರೆ ಆರು. ಕೃಷ್ಣಗಿರಿಯಲ್ಲಿ ರೂಮಿನ ಬಾಡಿಗೆಗೇ ಮೂರು ಬೇಕು. ಎಷ್ಟು ಸಲ ಕೂಡಿ ಕಳೆದರೂ ಅಷ್ಟೇ.

ಹಿಂದೆಯೇ ಬಂದ ಅಪ್ಪನನ್ನು ಕಂಡದ್ದೇ ತಡ, ಅವಳ ನಾಲಿಗೆಗೆ ಲಗಾಮು ಉಳಿಯಲಿಲ್ಲ. “ನನ್ನ ಬಾಳಿಗೇ ಮಣ್ಣು ಹಾಕ್ಬುಟ್ಯಲ್ಲಪ್ಪ! ತಮಿಳು ಗೊತ್ತಿಲ್ದಿದ್ರೆ ಗೊತ್ತಿರೋರ್ನ ಕೇಳಬೇಕು. ನಾನು ಸತ್ತಿದ್ನಾ? ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?”

ದಾರಿಹೋಕರು ತಿರುಗಿ ನೋಡಿದರು. ಶ್ಯಾಮಣ್ಣ ಮೆಲ್ಲಗೆ ಅಂದ:

“ಕೇಳ್ದೆ ಕಣಮ್ಮ. ಅವತ್ತೇ, ಇದೇ ಮೆಟ್ಲ ಮೇಲೆ ನಿಂತು ಫೋನ್ ಮಾಡ್ದೆ. ತಳ್ಳಿ ವೆಚ್ಚಿರುಕ್ಕು ಅಂತವ್ರೆ, ಅಂಗಂದ್ರೇನು ಅಂದೆ. ನಿಂಗೆ ಕ್ಲಾಸಿಗೆ ಹೊತ್ತಾಗಿತ್ತು. ತಳ್ಳುಪಡಿ ಕಣಪ್ಪ, ಮನ್ನಾ, ಇಷ್ಟೂ ಗೊತ್ತಿಲ್ವಾ ನಿಂಗೆ ಅಂತ ನೀನು ನಗಾಡ್ದೆ.”

ಸರಳಾಗೆ ನೆನಪಾಯಿತು. ಹಾಸ್ಟೆಲಿನ ಗೇಟು, ಭುಜದ ಮೇಲೆ ಬ್ಯಾಗು, ಅವಸರ. ನಕ್ಕಿದ್ದೂ ನೆನಪಾಯಿತು.

“ಅದನ್ನ ಒಳಗೆ ಯಾಕೆ ಹೇಳ್ಲಿಲ್ಲ?”

“ಎಂ.ಎ. ಓದಿರೋ ಮಗಳ ಮಾನ ಆ ಯಮ್ಮನ ಮುಂದೆ ತೆಗೀಲಾ?”

ಅವಳಿಗೆ ಅಳು ಉಕ್ಕಿ ಬಂತು. ಅಪ್ಪನ ಕಾಲು ಹಿಡಿಯಬೇಕೆನಿಸಿತು. ರಸ್ತೆ, ಜನ, ಹಿಡಿಯಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಒಳಗೆ ಹೋದಳು. ಆಫೀಸರಮ್ಮನ ಎದುರು ನಿಂತು, ಕೌಂಟರಿನವರಿಗೂ ಕೇಳುವಷ್ಟು ದನಿಯಲ್ಲಿ ಹೇಳಿದಳು:

“ನಮ್ಮಪ್ಪಂದು ತಪ್ಪಿಲ್ಲ ಮೇಡಂ. ತಪ್ಪು ಅರ್ಥ ಹೇಳಿದ್ದು ನಾನು. ಕಂತು ನನ್ನ ಸಂಬಳದಲ್ಲೇ ಹಿಡೀರಿ. ಸೋಮವಾರ ಕೃಷ್ಣಗಿರೀಲಿ ಕೆಲಸಕ್ಕೆ ಸೇರ್ತೀನಿ.”

“ಉಳಿದಿದ್ರಲ್ಲಿ ಏನಮ್ಮಾ ತಿಂತೀಯಾ?” ಬಾಗಿಲ ಬಳಿಯಿಂದ ಶ್ಯಾಮಣ್ಣ ಕೇಳಿದ.

“ಗೊತ್ತಿಲ್ಲಪ್ಪ,” ಅಂದಳು ಸರಳಾ.