ಲಾಭ, ಎರಡು, ಮೂರು

ಬೀದರಿನ ಆಸ್ಪತ್ರೆಯಲ್ಲಿ ಮಕ್ಸೂದ ಸಾಬ ಮಗನಿಗೆ ಬೆನ್ನು ಮಾಡಿ ಕೂತಿದ್ದ. ಭಾಲ್ಕಿಯಿಂದ ಬರುವಾಗ ಬಸ್ಸಿನಲ್ಲೂ ಇಬ್ಬರದು ಬೇರೆ ಬೇರೆ ಸೀಟು. ಭಾಲ್ಕಿಯ ಧಾನ್ಯಪೇಟೆ ಗಾಂಧಿ ಗಂಜಿನ ಅಡತಿ ದಲಾಲಿ ಅಂಗಡಿಯಲ್ಲಿ ತೊಗರಿ ಚೀಲ ತೂಗಿ, ಎಣಿಸಿ ಕೂಗುವುದು ಮಕ್ಸೂದನ ಕೆಲಸ. ಔರಾದದ ರೈತನೊಬ್ಬನ ಚೀಲಗಳನ್ನು ಅಪ್ಪ ಮರೆತು ಎರಡು ಸಲ ಲೆಕ್ಕಕ್ಕೆ ಹಿಡಿದನೆಂದು ಮಾಲೀಕನ ಕಿವಿಗೆ ಹಾಕಿದವನು ಮಗ ಅಖೀಲನೇ. ಅಪ್ಪನ ನೆನಪು ಸರಿಯಿದೆ ಎಂದು ಡಾಕ್ಟರು ಅನ್ನದಿದ್ದರೆ ಆ ಜಾಗ ಅಖೀಲನದು.

ಮೈಸೂರು ಕಡೆಯ ಡಾಕ್ಟರಮ್ಮ ನೆನಪಿಡಲು ಮೂರು ಪದ ಹೇಳಿದಳು: ಬೇವು, ರೈಲು, ಬಾಚಣಿಗೆ. ಆಮೇಲೆ ಮೇಜಿನ ಮೇಲೆ ಒಂದಷ್ಟು ಅಂಗಿಯ ಗುಂಡಿ ಸುರಿದಳು.

"ಎಣಿಸಿ ಅಜ್ಜ."

"ಲಾಭ, ಎರಡು, ಮೂರು..."

"ಮೊದಲನೆಯದಕ್ಕೆ ಏನಂದಿರಿ?"

"ಲಾಭ ರೀ."

ಅವಳು ಏನೋ ಗೀಚಿದಳು. ಗಂಜಿನಲ್ಲಿ ಮೊದಲ ಚೀಲಕ್ಕೆ ಯಾರೂ ಒಂದು ಅನ್ನುವುದಿಲ್ಲ. ಬರಕತ್ತಿಗಾಗಿ, ವ್ಯಾಪಾರ ಹೆಚ್ಚಲೆಂದು, ಲಾಭ ಅನ್ನುತ್ತಾರೆ. ಅಖೀಲನಿಗೂ ಗೊತ್ತು. ಅವನು ಫ್ಯಾನು ನೋಡುತ್ತ ಕೂತ.

"ನೀ ಹೇಳಲೇ ಅವರಿಗೆ," ಅಂದ ಮಕ್ಸೂದ ಮಗನಿಗೆ.

"ಪರೀಕ್ಷಾ ನಿಮ್ಮದು ಅಬ್ಬಾ. ನಾ ಯಾಕ ಬಾಯಿ ಹಾಕಲಿ?"

ಮುದುಕ ತಾನೇ ವಿವರಿಸಿದ. ಅವಳು ಬರೆದದ್ದನ್ನು ಹೊಡೆದು ಹಾಕಿದಳು. "ತಪ್ಪು ನನ್ನದೇ. ಈಗ ಆ ಮೂರು ಪದ ಹೇಳಿ."

ಕನ್ನಡದಲ್ಲಿ ತಡಕಿದ, ಕೈಗೆ ಏನೂ ಸಿಗಲಿಲ್ಲ. ಇಂಥ ಹೊತ್ತಿನಲ್ಲಿ ಯಾವಾಗಲೂ ಮಾಡುವಂತೆ ಮನೆಯ ದಖನಿ ಉರ್ದುವಿಗೆ ದಾಟಿದ. "ಕಂಘೀ."

"ಬಾಚಣಿಗೆ, ಸರಿ. ಉಳಿದೆರಡನ್ನೂ ಉರ್ದುವಿನಲ್ಲೇ ಹೇಳಿ."

ಅಲ್ಲೂ ಬರಿದು.

"ಒಂದು ಭಾಷೆ ಕೈಕೊಟ್ಟಾಗ ಇನ್ನೊಂದು ನಿಮ್ಮನ್ನು ನಡೆಸಿಕೊಂಡು ಬಂದಿದೆ ಅಜ್ಜ," ಅಂದಳು ಡಾಕ್ಟರಮ್ಮ. "ಅದಕ್ಕೇ ಮರೆವು ಇಷ್ಟು ದಿನ ಹೊರಗೆ ಕಂಡಿರಲಿಕ್ಕಿಲ್ಲ. ಕೆಲಸ ಬಿಡಬೇಡಿ. ಪಕ್ಕದಲ್ಲಿ ಇನ್ನೊಬ್ಬರು ಎಣಿಸಲಿ."

"ನಾ ಕೂಡ್ತೇನಿ," ಅಖೀಲ ಕುರ್ಚಿ ಮುಂದೆ ಎಳೆದ.

"ನೀ ಬ್ಯಾಡ." ಡಾಕ್ಟರಮ್ಮನಿಗೂ ತಿಳಿಯಲೆಂದು ಮಕ್ಸೂದ ಕನ್ನಡದಲ್ಲೇ ಅಂದ. "ನಾ ಮರತು ತಪ್ಪಿದೆ. ನೀ ನೆನಪಿದ್ದೂ ಸುಮ್ಮ ಕೂತಿ." ಅವಳತ್ತ ತಿರುಗಿದ. "ನಮ್ಮ ಅಂಗಡಿ ಹಮಾಲ ಕಾಶೀರಾಮ ಕೂಡ್ತಾನಂತ ಚೀಟಿಯೊಳಗ ಬರೀರಿ ಡಾಕ್ಟರಬಾಯಿ."

"ಹೆಸರೆಲ್ಲಾ ನಾವು ಬರೆಯೋದಿಲ್ಲ ಅಜ್ಜ."

"ಬರೀರಿ. ನಾಳಿ ನಾ ಇದನ್ನ ಮರತು ಇವನನ್ನೇ ಪಕ್ಕದಾಗ ಕೂಡಿಸಿಕೊಂಡರ?"