ಬಸ್ಸು ನಿಲ್ಲಿಸುವ ತಾತ

ಬಾದನಹಟ್ಟಿಯ ಹೊಸ ಬಸ್ ನಿಲ್ದಾಣದಲ್ಲಿ ಎಲ್ಲವೂ ಇತ್ತು. ಹೊಳೆಯುವ ಸ್ಟೀಲಿನ ಬೆಂಚು, ಸೋಲಾರ್ ದೀಪ, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟು, ಗೋಡೆಯ ಮೇಲೆ ಕೈಮುಗಿದು ನಿಂತ ಗಣ್ಯರ ಫೋಟೊ. ಬಸ್ಸೊಂದು ನಿಲ್ಲುತ್ತಿರಲಿಲ್ಲ, ಅಷ್ಟೇ. ಅದಕ್ಕೆ ಯಾರನ್ನೂ ದೂರಬಾರದು. ಉದ್ಘಾಟನೆಗೆ ಬಂದವರೆಲ್ಲ ಕಾರಿನಲ್ಲಿ ಬಂದಿದ್ದರು.

ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಎಂದಾದ ಮೇಲೆ, ಕುರುಗೋಡಿನಿಂದ ಬಳ್ಳಾರಿಗೆ ಹೋಗುವ ಬೆಳಗಿನ ಬಸ್ಸಿನ ಡ್ರೈವರನಿಗೆ ವಿಚಿತ್ರವಾದೊಂದು ಕಣ್ಣಿನ ರೋಗ ಅಂಟಿಕೊಂಡಿತ್ತು. ಬರೀ ಸೀರೆಗಳು ನಿಂತಿದ್ದರೆ ಅವನಿಗೆ ಊರೇ ಕಾಣುತ್ತಿರಲಿಲ್ಲ. ಒಂದು ಪಂಚೆ ಕಂಡರೆ ಸಾಕು, ದೃಷ್ಟಿ ಮರಳುತ್ತಿತ್ತು.

ಈ ರೋಗಕ್ಕೆ ಮದ್ದು ಕಂಡುಹಿಡಿದವಳು ಹಂಪಮ್ಮ. ಬಳ್ಳಾರಿಯ ಗಾಂಧಿನಗರದ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವವಳು. ಒಂದು ಬೆಳಗ್ಗೆ ಸೀದಾ ಉಜ್ಜಿನಪ್ಪನ ಮನೆಗೆ ಬಂದಳು. ಎಪ್ಪತ್ತು ದಾಟಿದ ಉಜ್ಜಿನಪ್ಪ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದ.

"ತಾತಾ, ನೀನು ರೋಡಿಗೆ ನಿಂತು ಕೈ ಮಾಡು. ನಾವು ಶೆಲ್ಟರಿನ ಹಿಂದ ಕುಂತಿರ್ತೀವಿ. ಬಸ್ಸು ನಿಂತ ಕೂಡ್ಲೆ ಓಡಿ ಹತ್ತತೀವಿ."

"ಮತ್ತ ನಾನು?"

"ನೀನ್ಯಾಕ ಹತ್ತತಿ? ಮನಿಗೆ ಹೋಗಿ ನಾಷ್ಟಾ ಮಾಡು."

ಎರಡು ತಿಂಗಳು ಹೀಗೇ ನಡೆಯಿತು. ಡ್ರೈವರ್ ದಿನಾ ಬೈಯುತ್ತಿದ್ದ, ದಿನಾ ನಿಲ್ಲಿಸುತ್ತಿದ್ದ. ಇವತ್ತಾದರೂ ಮುದುಕ ಹತ್ತಿಯಾನು ಎಂಬ ಆಸೆ ಮನುಷ್ಯನನ್ನು ಬಿಡಬೇಕಲ್ಲ. ಉಜ್ಜಿನಪ್ಪನಿಗೆ ಮಾತ್ರ ಮನಸ್ಸು ಕುಟುಕುತ್ತಿತ್ತು. ಹಣೆಯ ವಿಭೂತಿ ಒಣಗುವ ಮೊದಲೇ ಒಂದು ಮೋಸ! ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರೆ ಎದುರಿಗೆ ಬರುತ್ತಿದ್ದುದು ಆ ಡ್ರೈವರನ ಮುಖ. ಬಸ್ಸು ತಾನಾಗಿ ನಿಂತರೆ ಈ ಪಾಪ ತಪ್ಪೀತೆಂದು ಸಾರಿಗೆ ಸಂಸ್ಥೆಗೆ ಅರ್ಜಿ ಬರೆದು ಹಾಕಿದ.

ಉತ್ತರವೂ ಬಂತು. ಸೋಮವಾರ ಹನ್ನೊಂದಕ್ಕೆ ಬಳ್ಳಾರಿಯ ಕಚೇರಿಯಲ್ಲಿ ವಿಚಾರಣೆ. ಅರ್ಜಿದಾರ ಬಾರದಿದ್ದರೆ ಅರ್ಜಿ ವಜಾ. ಬಸ್ಸು ನಿಲ್ಲುವುದಿಲ್ಲ ಎಂದವನು ಬಸ್ಸು ಹತ್ತಿ ಬಂದು ಹಾಗೆಂದು ಹೇಳಬೇಕು. ದೊಡ್ಡವರ ಲೆಕ್ಕಾಚಾರವೇ ದೊಡ್ಡದು.

ಸೋಮವಾರ ಉಜ್ಜಿನಪ್ಪ ಮಡಿ ಪಂಚೆ ಉಟ್ಟು ಹಗುರ ಮನಸ್ಸಿನಿಂದ ನಿಂತ. ಇವತ್ತು ಎತ್ತಿದ ಕೈಯಲ್ಲಿ ಸುಳ್ಳಿಲ್ಲ. ಬಸ್ಸು ನಿಂತಿತು. ಶೆಲ್ಟರಿನ ಹಿಂದಿನಿಂದ ಹದಿನಾಲ್ಕು ಹೆಂಗಸರು ನುಗ್ಗಿದರು. ಅವನು ಕಾಗದಪತ್ರ ಸುತ್ತಿದ ಟವೆಲನ್ನು ಕಿಟಕಿಯೊಳಗೆ ತೂರಿಸಿ ಸೀಟು ಹಿಡಿದ. ಎಲ್ಲರೂ ಹತ್ತಲೆಂದು ಕಾದು, ಕೊನೆಗೆ ಮೆಟ್ಟಿಲ ಮೇಲೆ ಕಾಲಿಡಹೋದ.

"ಸಾಕ್ರಿ ಯಜಮಾನ್ರ ನಿಮ್ಮ ನಾಟಕ!" ಎಂದ ಕಂಡಕ್ಟರ್. "ಎರಡು ತಿಂಗಳಾತು, ನೀವ್ಯಾವತ್ತು ಹತ್ತೀರಿ? ರೈಟ್, ರೈಟ್!"

"ಲೇ ತಮ್ಮಾ, ಇವತ್ತು ಖರೇನ ಬರಾಂವ ಅದೀನಿ!"

ಬಾಗಿಲು ಮುಚ್ಚಿತು. ಟವೆಲು ಕಿಟಕಿ ಪಕ್ಕದ ಸೀಟಿನಲ್ಲಿ ಸುಖವಾಗಿ ಬಳ್ಳಾರಿಗೆ ಹೊರಟಿತು. ಒಳಗೆ ಹಂಪಮ್ಮ ಎಷ್ಟು ಕೂಗಿದರೂ ಡ್ರೈವರನಿಗೆ ಈಗ ಕಿವಿಯೂ ಹೋಗಿತ್ತು.

ಮುಂದಿನ ಬಸ್ಸು ಹನ್ನೊಂದಕ್ಕೆ. ಉಜ್ಜಿನಪ್ಪ ಹೋಗಿಬರುವ ಬೈಕುಗಳಿಗೆಲ್ಲ ಕೈಯೆತ್ತಿದ. ವಿಭೂತಿ ಹಚ್ಚಿದ ಹಿರಿಯರು ಆಶೀರ್ವಾದ ಮಾಡುತ್ತಿದ್ದಾರೆಂದು ಒಬ್ಬೊಬ್ಬರೂ ತಲೆ ಬಾಗಿಸಿ ಮುಂದೆ ಹೋದರು. ಭಕ್ತಿಗೆ ಆ ರಸ್ತೆಯಲ್ಲಿ ಬರವಿಲ್ಲ.

ಮಧ್ಯಾಹ್ನ ಹಂಪಮ್ಮನ ಫೋನು ಬಂತು. ಕಾಗದ ಹಿಡಿದು ಅವಳೇ ಕಚೇರಿಗೆ ಹೋಗಿದ್ದಳು.

"ನಿನ್ನ ಹೆಸರು ಕೂಗಿದ್ರು ತಾತಾ. ಬಸ್ಸಿನಾಗ ಹತ್ತಿಸ್ಕೊಳ್ಳಲಿಲ್ಲ, ಅದಕ್ಕ ಬಂದಿಲ್ರಿ ಅಂದೆ. ನೀನು ಹೆಂಗ ಬಂದಿ ಅಂದ್ರು. ಬಸ್ಸಿಗೆ ಅಂದೆ. ಹಂಗಾರ ಬಸ್ಸು ನಿಂತೈತಲ್ಲವಾ ಅಂತ ಬರಕೊಂಡು ಅರ್ಜಿ ಮುಚ್ಚಿದ್ರು."

"ಚಲೋ ಆತು ಬಿಡು," ಎಂದ ಉಜ್ಜಿನಪ್ಪ. "ನಿನ್ನ ಕೆಲಸ?"

"ತಡ ಆತಂತ ಬೈದ್ರು. ಇನ್ನೊಂದ್ಸಲ ಹಿಂಗಾದ್ರ ಬರಬ್ಯಾಡ ಅಂದಾರ."

ಮರುದಿನ ಉಜ್ಜಿನಪ್ಪ ನಲವತ್ತು ವರ್ಷಗಳ ಕ್ರಮವನ್ನು ಮುರಿದ. ಎದ್ದವನೇ ಬರಿಹಣೆಯಲ್ಲಿ ರಸ್ತೆಗೆ ಹೋಗಿ ಕೈಯೆತ್ತಿದ, ಬಸ್ಸು ನಿಲ್ಲಿಸಿದ, ಹದಿನಾಲ್ಕು ಮಂದಿಯನ್ನು ಹತ್ತಿಸಿದ, ಕಂಡಕ್ಟರನ ಬೈಗುಳ ತಿಂದ. ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡು, ಆಮೇಲೆ ಪೂಜೆಗೆ ಕುಳಿತ.